ಹಲಗೆ ಬಿಡದ ಬೀರೇಶ

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೊರಟ ಬಸ್ಸು ಎಡಕ್ಕೆ ತಿರುಗಿದ್ದೇ ತಡ, ಬೀರೇಶನ ಮೈಯೂ ಅಭ್ಯಾಸಬಲದಿಂದ ಎಡಕ್ಕೆ ವಾಲಿತು. ಎಡಗಡೆ ಇದ್ದದ್ದು ಮಾರ್ಕೆಟ್ಟಿಗೆ ಹೊರಟಿದ್ದ ಅಶ್ವತ್ಥಮ್ಮನ ಟೊಮೆಟೊ ಬುಟ್ಟಿ. ತಲೆಯೆತ್ತಿದಾಗ ಮುಖವೆಲ್ಲ ಕೆಂಪು. ಅರ್ಧ ನಾಚಿಕೆಯದು, ಅರ್ಧ ಹಣ್ಣಿನದು.

"ಬೆಳಬೆಳಗ್ಗೇನೇ ಹಾಕ್ಕೊಂಡು ಬಂದಿದೀಯೇನಪ್ಪ?"

"ಇಲ್ಲಮ್ಮ, ತಿರುವು ಬಂತಲ್ಲ ಅಂತ..."

ಬೀರೇಶ ಸೈಡ್‌ಕಾರ್ ರೇಸಿನವನು. ಬೈಕಿನ ಪಕ್ಕಕ್ಕೆ ಇನ್ನೊಂದು ಚಕ್ರ, ಅದರ ಮೇಲೊಂದು ಹಲಗೆ, ಹಲಗೆಯ ಮೇಲೆ ಇವನು. ತಿರುವಿನಲ್ಲಿ ಮೂಗು ನೆಲಕ್ಕೆ ತಾಗುವಷ್ಟು ಹೊರಕ್ಕೆ ನೇತುಬಿದ್ದು, ಗಾಡಿ ಮಗುಚದಂತೆ ನೋಡಿಕೊಳ್ಳುವುದು ಇವನ ಪಾಲಿನ ಕೆಲಸ. ಓಡಿಸುವವನು ಹೆಂಡತಿ ರಾಧಾಮಣಿಯ ಅಣ್ಣ ಚಲಪತಿ. ಹೆಸರಿನಲ್ಲೇ ಚಲನೆಯಿದ್ದ ಬಾವ. ಮದುವೆಯಾದ ಹೊಸತರಲ್ಲಿ, "ಒಂದೇ ಒಂದ್ಸಲ ಕೂತ್ಕೋ ಬಾ" ಎಂದು ಮೇಲೂರಿನ ಒಣಗಿದ ಕೆರೆಯಂಗಳಕ್ಕೆ ಕರೆದೊಯ್ದಿದ್ದ. ಹತ್ತಿದ ಬೀರೇಶನಿಗೆ ಇಳಿಯಲು ಇನ್ನೂ ಆಗಿಲ್ಲ. ಕಪ್ ಬಂದರೆ ಬಾವನ ಶೋಕೇಸಿಗೆ, ಧೂಳು ಇವನ ಬಾಯಿಗೆ. ಬಾವ ಮುಂದೆ ಬಂದ, ಇವನು ಪಕ್ಕದಲ್ಲಿ ಬಂದ.

"ಬಿಟ್ಬಿಡ್ತೀನಿ ಕಣೇ" ಎಂದರೆ ರಾಧಾಮಣಿ, "ನೀವು ಬಿಟ್ರೆ ನಮ್ಮಣ್ಣ ಯಾರ್ನ ನಂಬ್ಕೊಂಡು ಗಾಡಿ ತಿರುಗ್ಸ್ಬೇಕು?" ಎಂದು ಸೆರಗಿಗೆ ಕಣ್ಣೊರೆಸಿಕೊಳ್ಳುತ್ತಿದ್ದಳು. ತಾನು ದಪ್ಪಗಾದರೆ ಆಗಲಾದರೂ ಬಾವ ಕೈಬಿಟ್ಟಾನೆಂದು ಬೀರೇಶ ಮುದ್ದೆ ಮೇಲೆ ಮುದ್ದೆ ನುಂಗಿದ. "ಭೇಷ್, ಗಾಡಿ ನೆಲ ಕಚ್ಕೊಂತದೆ" ಎಂದು ಬಾವನೇ ಇನ್ನೊಂದು ಬಡಿಸಿದ. ಟೀ ಅಂಗಡಿಯಲ್ಲಿ ಮಾತ್ರ ಬೀರೇಶ ಹುಲಿ: "ಹ್ಯಾಂಡ್ಲು ನನ್ ಕೈಗೆ ಕೊಡ್ಲಿ, ಆಮೇಲೆ ನೋಡ್ರಪ್ಪ!"

ಗೌರಿಬಿದನೂರಿನ ರೇಸಿನ ದಿನ ಬಾವ ಕೊಟ್ಟೇಬಿಟ್ಟ. ಮೊದಲ ಸುತ್ತಿನಲ್ಲಿ ಕಲ್ಲಿನ ಚೂರು ಸಿಡಿದು ಅವನ ಕಣ್ಣು ಊದಿಕೊಂಡಿತ್ತು.

"ಫೈನಲ್ ನೀನೇ ಓಡ್ಸು. ನಾನು ನೇತಾಡ್ತೀನಿ."

"ನಾನಾ ಬಾವ?"

"ಮತ್ತೆ? ಟೀ ಅಂಗ್ಡಿ ಮಾತೆಲ್ಲ ನಂಗೂ ಕೇಳಿಸ್ತದೆ ಕಣಯ್ಯ."

ಬೀರೇಶ ಸೀಟಿಗೇರಿದ. ಹ್ಯಾಂಡಲ್ ಹಿಡಿದ. ಇಷ್ಟು ವರ್ಷ ಹಂಬಲಿಸಿದ ಬಿಡುಗಡೆ ಎರಡೂ ಅಂಗೈಯಲ್ಲಿ ಬೆವರುತ್ತಿತ್ತು. ಜನ ಶಿಳ್ಳೆ ಹೊಡೆದರು. ಅವನು ಕೆಳಗಿಳಿದು, ಒದ್ದೆ ಟವೆಲಿನಿಂದ ಬಾವನ ಕಣ್ಣೊರೆಸಿ, ಮತ್ತೆ ಹಲಗೆ ಹತ್ತಿದ.

"ನೀವೇ ಓಡ್ಸಿ ಬಾವ. ತಿರುವು ನಾನು ಕೂಗಿ ಹೇಳ್ತೀನಿ."

ಕೂಗುತ್ತ, ನೇತಾಡುತ್ತ, ಇಬ್ಬರೂ ಎಲ್ಲರಿಗಿಂತ ಕೊನೆಗೆ ಬಂದು ಮುಟ್ಟಿದರು. ಚಲಪತಿ ಗಳಗಳ ಅತ್ತು ತಬ್ಬಿಕೊಂಡ. "ಸಾಯೋವರ್ಗೂ ನಿನ್ನ ಈ ಗಾಡಿಯಿಂದ ಇಳಿಸಲ್ಲ ಕಣಯ್ಯ!"

ಅನೌನ್ಸ್ ಮಾಡುತ್ತಿದ್ದ ಜಗನ್ ಮೈಕ್ ಹಿಡಿದು ಓಡಿಬಂದ. "ಹ್ಯಾಂಡ್ಲು ಕೈಗೆ ಬಂದ್ರೂ ಬಾವಂಗೆ ಬಿಟ್ಕೊಟ್ರಲ್ಲ ಸಾರ್, ಇಂಥ ತ್ಯಾಗ ಯಾಕೆ ಮಾಡಿದ್ರಿ?"

"ತ್ಯಾಗ ಎಲ್ಲಿಂದ ಬರ್ಬೇಕಪ್ಪ," ಬೀರೇಶನ ದನಿ ಮೈದಾನದ ತುಂಬ ಕೇಳಿಸಿತು. "ನಂಗೆ ಬೈಕ್ ಓಡ್ಸಕ್ಕೆ ಬರಲ್ಲ."