ಗ್ರೀಕ್ ಕಂಬಕ್ಕೆ ನಮ್ಮ ತಲೆಯೆಣ್ಣೆ

ಗೆಳೆಯರೇ, ಇವತ್ತು ಮುನಸಿಪಾಲ್ಟಿಯ ಗ್ರೀಕ್ ಕಂಬಗಳಿಗೂ ನಮ್ಮ ತಲೆಗಳಿಗೂ ಜಗಳ ಬಿತ್ತು.

ಸೈಕಲ್ ರಿಪೇರಿ ಅಂಗಡಿಯ ಪರವಾನಗಿಗೆಂದು ರಾಯಾಪುರದಿಂದ ಹೋಗಿದ್ದೆ. ಅದಕ್ಕೆ ಸಹಿ ಹಾಕುವ ಸಾಹೇಬರು ಇನ್ನೂ ಬಂದಿರಲಿಲ್ಲ. ಎಂದಿನಂತೆ ಕೆಲಸಕ್ಕೆ ಬಂದ ನಾವೆಲ್ಲ ಕಚೇರಿಯ ಮುಂದಿನ ಕಟ್ಟೆಯ ಮೇಲೆ, ತ್ರಿಕೋನದ ಮುಡಿ ಹೊತ್ತ ಆ ದಪ್ಪ ಬಿಳಿ ಕಂಬಗಳಿಗೆ ಒರಗಿ ಕುಳಿತಿದ್ದೆವು. ಓವರ್ಸಿಯರ್ ಬಂದವರೇ ಕಂಬದ ಮೇಲಿನ ಕಂದು ಕಲೆ ತೋರಿಸಿ ಕೂಗಿದರು:

"ಏನಿದು? ವಿಲಾಯತಿ ನಕಾಶಿ ನೋಡಿ ಕಟ್ಟಿಸಿದ ಕಂಬ ಇವು. ನಿಮ್ಮ ತಲಿ ಎಣ್ಣಿ ಒರಸಾಕಲ್ಲ! ರುಮಾಲ ಸುತ್ತಿದವರು ಅಷ್ಟ ಕೂಡ್ರಿ. ಬರೇ ತಲಿಯವರು ಕೆಳಗ ಇಳೀರಿ."

ಕೆಳಗೆ ಸುಡು ಬಿಸಿಲು. ನನ್ನದು ಬರಿದಲೆ. ಆದರೂ ಏಳಲಿಲ್ಲ.

"ಸಾಹೇಬ್ರು ಹೊತ್ತಿಗೆ ಸರಿಯಾಗಿ ಬಂದಿದ್ರ ನಾವ್ಯಾಕ ಇಲ್ಲಿ ಒರಗತಿದ್ವಿರಿ?" ಎಂದೆ.

"ಇಳಿ ಅಂದ್ರ ಇಳಿ!"

ಪಕ್ಕದಲ್ಲಿ ಹತ್ತಿ ವ್ಯಾಪಾರಿ ಬಸಪ್ಪ ಕಾಕಾ ಕುಳಿತಿದ್ದರು. ಮನೆಯ ಹೊರಗೆ ಎಂದೂ ರುಮಾಲು ತೆಗೆದವರಲ್ಲ. ಅದನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. ಎಣ್ಣೆಯಿಂದ ಮಿಂಚುವ ಬೋಳು ತಲೆಯನ್ನು ನಿಧಾನವಾಗಿ ಕಂಬಕ್ಕೆ ಆನಿಸಿದರು.

"ಈಗ ನಂದೂ ಬರೇ ತಲಿ. ಇಳಸ್ರಿ, ನೋಡೋಣು."

ಉಳಿದವರ ರುಮಾಲುಗಳೂ ಒಂದೊಂದಾಗಿ ತೊಡೆಗೆ ಇಳಿದವು. ಓವರ್ಸಿಯರ್ ಒಳಗೆ ಹೋದರು.

ಪರವಾನಗಿ ಇವತ್ತೂ ಸಿಗಲಿಲ್ಲ. ನಾಳೆ ಮತ್ತೆ ಹೋಗಬೇಕು. ನೀವೂ ಬರುವುದಾದರೆ ತಲೆಗೆ ಎಣ್ಣೆ ಸ್ವಲ್ಪ ಧಾರಾಳವಾಗಿಯೇ ಹಚ್ಚಿಕೊಂಡು ಬನ್ನಿ.