ಬೆಸ್ತರ ಮೇಲೆ ಪುಣ್ಯಾಹದ ನೀರು

ಅಕ್ಕನ ಕೋಣೆಯ ನೆಲದ ಮೇಲೆ ಡಚ್ಚರ ಕಡಲತೀರ ಒಣಗುತ್ತಿತ್ತು. ಚಿತ್ರಕಲೆ ಓದುತ್ತಿದ್ದ ಅವಳು, ಹಳೆಯ ಡಚ್ ಚಿತ್ರಕಾರರು ಶಾಯಿಯಲ್ಲಿ ಬರೆದ ಬೆಸ್ತರನ್ನು ವಾರವಿಡೀ ಮೊಬೈಲಿನಲ್ಲಿ ನೋಡಿ ನೋಡಿ, ಅದೇ ಬಗೆಯಲ್ಲಿ ಒಂದು ದೊಡ್ಡ ಹಾಳೆ ಮುಗಿಸಿದ್ದಳು. ದೋಣಿ ಎಳೆಯುವ ಗಂಡಸರು, ಮೀನಿನ ಬುಟ್ಟಿ ಇಟ್ಟುಕೊಂಡು ಕಾಯುವ ಹೆಂಗಸರು. ಅದನ್ನು ಆ ಮಧ್ಯಾಹ್ನವೇ ಕಾಲೇಜಿಗೆ ಒಪ್ಪಿಸದಿದ್ದರೆ ಅವಳು ಫೇಲು.

ಹಬ್ಬದ ದಿನ ಈರುಳ್ಳಿಗೂ ಪ್ರವೇಶವಿಲ್ಲದ ಚಾಮರಾಜಪೇಟೆಯ ನಮ್ಮ ಮನೆಗೆ ಇಷ್ಟೊಂದು ಮೀನು ಬಂದಿದ್ದು ಅದೇ ಮೊದಲು. ‘ರಾಮ ರಾಮಾ, ವಾಸ್ನೆ ಬರ್ತಿದೆ ಕಣೇ’ ಎಂದು ಅಜ್ಜಿಯ ದನಿಯಲ್ಲಿ ನಾನು ಅಕ್ಕನನ್ನು ಬೇಕಾದಷ್ಟು ಕಾಡಿದ್ದೆ.

ಅವತ್ತೇ ದಾಯಾದಿಗಳಲ್ಲಿ ಮಗು ಹುಟ್ಟಿದ ಮೈಲಿಗೆ ಕಳೆಯುವ ದಿನ. ಪುಣ್ಯಾಹ ಮುಗಿಸಿದ ಪುರೋಹಿತರು ಕಲಶದ ನೀರನ್ನು ಮಾವಿನೆಲೆಯಿಂದ ಮನೆಯೆಲ್ಲ ಚಿಮುಕಿಸುತ್ತ ಬಂದರು. ಅವರ ಹಾಗೆಯೇ ಹೊಟ್ಟೆ ಮುಂದಿಟ್ಟುಕೊಂಡು ನಾನು ಹಿಂದೆ. ಅಕ್ಕ ಸ್ನಾನಕ್ಕೆ ಹೋಗಿದ್ದಳು.

‘ಈ ರೂಮಿಗೆ ಒಂದ್ ಕೈ ಜಾಸ್ತೀನೇ ಹಾಕ್ಬಿಡಿ’ ಅಂದಳು ಅಜ್ಜಿ.

ಹಾಕಿಯೇ ಬಿಟ್ಟರು. ಮೊದಲು ಒಬ್ಬ ಬೆಸ್ತನ ಮುಖ ಹೋಯಿತು. ಆಮೇಲೆ ದೋಣಿ ಕರಗಿ ಹೆಂಗಸರ ಕಡೆ ಹರಿಯಿತು. ಪುರೋಹಿತರ ಮಂತ್ರ ಅರ್ಧಕ್ಕೆ ನಿಂತಿತು.  ಅವರನ್ನು ಅಣಕಿಸುತ್ತಿದ್ದ ನನ್ನ ಹೊಟ್ಟೆ ಮಾತ್ರ ಇನ್ನೂ ಮುಂದೆಯೇ ಇತ್ತು.

ತಲೆಗೆ ಟವೆಲ್ ಸುತ್ತಿಕೊಂಡು ಬಂದ ಅಕ್ಕ ಬಾಗಿಲಲ್ಲೇ ನಿಂತಳು. ಅಳಲಿಲ್ಲ. ಅದಕ್ಕೇ ನಮಗೆ ಇನ್ನಷ್ಟು ಭಯವಾಯಿತು.

‘ನೀರು ಬಿದ್ರೆ ಹೋಗತ್ತೆ ಅಂತ ನಂಗೇನ್ ಗೊತ್ತೇ’ ಅಂದಳು ಅಜ್ಜಿ.

ಅಕ್ಕ ಹೊಸ ಹಾಳೆ ಹಾಸಿದಳು. ‘ಅಷ್ಟೂ ಜನರನ್ನ ಮತ್ತೆ ಬರೆಯೋಕೆ ಟೈಮಿಲ್ಲ. ಬುಟ್ಟಿ ಹಿಡಿದ ಒಬ್ಬಳು ಹೆಂಗಸು ಸಾಕು. ಅಜ್ಜಿ, ಕೂತ್ಕೋ. ಹೂವಿನ ಬುಟ್ಟಿ ತೊಡೆ ಮೇಲಿಟ್ಕೊಂಡು ಸಮುದ್ರ ನೋಡು.’

‘ಯಾವ ಸಮುದ್ರವೇ?’

‘ಬೀರು ಕಡೆ.’

ಅಜ್ಜಿ ಮಡಿಸೀರೆಯಲ್ಲೇ ಕೂತಳು. ‘ನಾನೂ ಇರ್ಬೇಕಾಮ್ಮಾ?’ ಪುರೋಹಿತರು ಮೆಲ್ಲಗೆ ಕೇಳಿದರು.

‘ನೀವು ಹೊರಡಿ. ಆ ನೀರೂ ತಗೊಂಡ್ ಹೋಗ್ಬಿಡಿ.’

ಅಕ್ಕನ ಪೆನ್ನು ಸರಸರ ಹಾಳೆ ಕೆರೆಯಿತು. ಕೊನೆಗೆ ಅಜ್ಜಿ, ಬೀರುವಿನಿಂದ ಕಣ್ಣು ತೆಗೆಯದೆ, ‘ಮೀನು ಮಾತ್ರ ಬರೀಬೇಡ್ವೇ’ ಅಂದಳು.

‘ಬುಟ್ಟಿ ಮೇಲೆ ಬಟ್ಟೆ ಹೊದಿಸಿದೀನಿ. ಒಳಗೇನಿದೆ ಅಂತ ಯಾರೂ ಕೇಳಲ್ಲ.’

ಶಾಯಿ ಆರುವ ಮೊದಲೇ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕ ಆಟೋ ಹತ್ತಿದಳು. ನಾನು ಒಳಗೆ ಬಂದಾಗ ಅಜ್ಜಿ ಇನ್ನೂ ಬೀರುವನ್ನೇ ನೋಡುತ್ತಿದ್ದಳು. ಏಳಬಹುದು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.