ಚಿಕ್ಕತಾಯಮ್ಮನ ತುಳಸಿಕಟ್ಟೆಯ ಕೆಳಗೆ

2023ರ ಬೇಸಿಗೆಯ ಹೊತ್ತಿಗೆ ನಾವು ಸಕ್ಕಿಂಗ್ ಗಾಡಿ ಇಟ್ಟು ಎಂಟೊಂಬತ್ತು ವರ್ಷವಾಗಿತ್ತು. ಮನೆಯ ಸೆಪ್ಟಿಕ್ ಟ್ಯಾಂಕ್ ತುಂಬಿದಾಗ ಬಂದು, ದಪ್ಪ ಪೈಪು ಇಳಿಸಿ, ಪಂಪಿನಿಂದ ಎಲ್ಲವನ್ನೂ ಎಳೆದುಕೊಂಡು ಹೋಗುವ ಟ್ಯಾಂಕರಿಗೆ ನಮ್ಮ ಕಡೆ ಹಾಗನ್ನುತ್ತಾರೆ. ಗಾಡಿ ನಿಲ್ಲುವುದು ನಂಜನಗೂಡಿನಲ್ಲಿ. ಕರೆ ಬಿಳಿಗೆರೆ, ತಾಂಡವಪುರದಿಂದಲೂ ಬರುತ್ತದೆ, ಟಿ. ನರಸೀಪುರದಿಂದಲೂ ಬರುತ್ತದೆ. ಓಡಿಸುವುದು, ಪಂಪು ನೋಡಿಕೊಳ್ಳುವುದು ನಮ್ಮ ಯಜಮಾನರು ಸಿದ್ದರಾಜು. ಫೋನು ತೆಗೆಯುವುದು, ಜೊತೆಗೆ ಹೋಗಿ ಮನೆಯವರ ಹತ್ತಿರ ಮಾತಾಡುವುದು ನನ್ನ ಪಾಲು.

ಈ ಗಾಡಿಯಲ್ಲಿ ಹೆಂಗಸಿಗೇನು ಕೆಲಸ ಎಂದು ಬಹಳ ಜನ ಕೇಳಿದ್ದಾರೆ. ನಾವು ಹೋಗುವ ಹೊತ್ತಿಗೆ ಗಂಡಸರು ಕೆಲಸಕ್ಕೆ ಹೋಗಿರುತ್ತಾರೆ. ಟ್ಯಾಂಕ್ ಬೇಗ ತುಂಬಿದರೆ ಏನು ಹಾಕಿದ್ದೀರಿ ಎಂದು ಕೇಳಲೇಬೇಕು. ಬಟ್ಟೆಯೋ, ಪ್ಯಾಡೋ, ಮಗುವಿನ ಡೈಪರೋ, ಮುಸುರೆಯ ಜಿಡ್ಡೋ. ಅದನ್ನು ಗಂಡಸಿಗೆ ಯಾರು ಹೇಳುತ್ತಾರೆ? ನನಗಾದರೆ ಹಿತ್ತಲ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳುತ್ತಾರೆ. ಹಾಗಾಗಿ ಮಾತಾಡುವುದೇ ನನ್ನ ಕಸುಬು ಅಂದರೂ ತಪ್ಪಿಲ್ಲ. ನಾನು ಹೇಳಹೊರಟಿರುವುದು ಆ ಕಸುಬಿನಲ್ಲೇ ಆದ ತಪ್ಪು.

ಶಿವರಾತ್ರಿ ಕಳೆದಿತ್ತು. ನರಸೀಪುರದ ಒಂದು ಬಡಾವಣೆಯಿಂದ ನಾಗರಾಜು ಎನ್ನುವವರು ಫೋನ್ ಮಾಡಿದರು. ಅವರು ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವವರು, ಅವತ್ತು ರಜೆ ಹಾಕಿದ್ದರು. ಎರಡು ದಿನದಿಂದ ಕಕ್ಕಸಿನಲ್ಲಿ ನೀರು ಇಳಿಯುತ್ತಿಲ್ಲ, ಬಚ್ಚಲಿನಿಂದಲೂ ಉಕ್ಕುತ್ತಿದೆ ಎಂದರು.

"ಟ್ಯಾಂಕಿನ ಮುಚ್ಚಳ ಎಲ್ಲಿದೆ ಸಾರ್?" ಎಂದು ಕೇಳಿದೆ.

"ಅದೇ ಗೊತ್ತಿಲ್ಲ ಕಣಕ್ಕ. ಮನೆ ಕಟ್ಟಿರೋದನ್ನ ತಗೊಂಡಿದ್ದು. ಹಿತ್ತಲಲ್ಲೈತೆ ಅಂದಿದ್ರು ಮಾರಿದೋರು. ಇಲ್ಲೀಗಂಟ ಒಂದು ಸಲವೂ ತೆಗೆಸಿಲ್ಲ."

ಇದು ಹೊಸದಲ್ಲ. ಮನೆ ಕಟ್ಟಿದವರು ಟ್ಯಾಂಕಿನ ಮೇಲೆ ಮಣ್ಣೆಳೆದು ಗಾರೆ ಹಾಕಿಬಿಡುತ್ತಾರೆ. ಕೊಂಡವರು ಕೇಳುವುದಿಲ್ಲ. ಮೂರು ವರ್ಷಕ್ಕೊಮ್ಮೆಯಾದರೂ ತೆಗೆಸಬೇಕು, ಇಲ್ಲದಿದ್ದರೆ ತಳದ ಕೆಸರು ಗಟ್ಟಿಯಾಗುತ್ತ ಮೇಲೇರಿ ನೀರು ಹೊರಗೆ ಹೋಗುವ ದಾರಿಯನ್ನೇ ಕಟ್ಟುತ್ತದೆ.

ಹಿತ್ತಲು ಚೊಕ್ಕಟವಾಗಿತ್ತು. ನಡುವೆ ಕೆಂಪು ಗಾರೆಯ ತುಳಸಿಕಟ್ಟೆ. ಗಿಡ ನನ್ನ ಎದೆಮಟ್ಟ ಬೆಳೆದು ಕಪ್ಪಗೆ ಸೊಂಪಾಗಿತ್ತು. ಕಟ್ಟೆಯ ಸುತ್ತ ರಂಗೋಲಿ. ನಾಗರಾಜುವಿನ ತಾಯಿ ಚಿಕ್ಕತಾಯಮ್ಮ ಗಿಡದ ಬುಡದ ಒಣಗಿದ ಎಲೆ ಆರಿಸುತ್ತ ಕೂತಿದ್ದರು. ಎಪ್ಪತ್ತು ದಾಟಿದ ಜೀವ, ತೆಳ್ಳಗೆ, ಆದರೆ ಕೈಯಲ್ಲಿ ಚುರುಕು.

"ಬಾ ಮಗ. ನೀನೇನಾ ಗಾಡಿ ತಂದಿರೋದು? ಎಣ್ಮಗಳು!" ಎಂದು ನಕ್ಕರು. "ನಮ್ ಕಾಲ್ದಲ್ಲಿ ಚೊಂಬು ಇಡ್ಕೊಂಡು ಒಲದ ಕಡೀಕ್ ಓಯ್ತಿದ್ದೊ. ಗುಂಡಿನೂ ಇಲ್ಲ, ಗಾಡಿನೂ ಇಲ್ಲ, ಈ ರಾಮಾಯ್ಣನೂ ಇಲ್ಲ."

ಅವರನ್ನು ಒಳಗೆ ಕಳುಹಿಸಿ ನಾವು ಹುಡುಕಲು ತೊಡಗಿದೆವು. ಕಕ್ಕಸಿನ ಹಿಂದಿನ ಚೇಂಬರಿನಿಂದ ಪೈಪು ಯಾವ ಕಡೆ ಹೋಗಿದೆ ನೋಡಿಕೊಂಡು, ಆ ಸಾಲಿನಲ್ಲಿ ಹಾರೆಯಿಂದ ನೆಲ ಕುಟ್ಟುತ್ತ ಹೋಗಬೇಕು. ಗಟ್ಟಿ ನೆಲ ಒಂದು ಥರ ಸದ್ದು ಕೊಡುತ್ತದೆ, ಟೊಳ್ಳು ಇನ್ನೊಂದು ಥರ. ಟೊಳ್ಳು ಸದ್ದು ಕೇಳಿದ್ದು ಕಟ್ಟೆಯ ಒಂದು ಮಗ್ಗುಲಲ್ಲಿ. ಆಮೇಲೆ ಇನ್ನೊಂದು ಮಗ್ಗುಲಲ್ಲಿ. ನಾಲ್ಕೂ ಕಡೆ ಕುಟ್ಟಿದ ಮೇಲೆ ನಮ್ಮ ಯಜಮಾನರು ಹಾರೆ ಊರಿ ನಿಂತು ನನ್ನ ಮುಖ ನೋಡಿದರು.

"ಸರಿಯಾಗಿ ಮಧ್ಯಕ್ಕೇ ಕಟ್ಟವ್ರಲ್ಲೇ," ಎಂದರು.

ಅಷ್ಟೇ ಆಗಿದ್ದರೆ ಒಂದು ಮೂಲೆಯಲ್ಲಿ ತೂತು ಕೊರೆದು, ಪೈಪು ಬಿಟ್ಟು, ಯಾರಿಗೂ ಹೇಳದೆ ಬಂದುಬಿಡಬಹುದಿತ್ತು. ಆದರೆ ಅಂಚಿನ ಗಾರೆ ಕಿತ್ತು ನೋಡಿದಾಗ ಕೆಳಗಿನ ಸ್ಲ್ಯಾಬಿನಲ್ಲಿ ಬೆರಳು ಹೋಗುವಷ್ಟು ಬಿರುಕಿತ್ತು. ಒಳಗಿನ ಕಂಬಿ ತುಕ್ಕು ಹಿಡಿದು ಪುಡಿಯಾಗಿತ್ತು. ಟ್ಯಾಂಕಿನೊಳಗೆ ಹುಟ್ಟುವ ಗ್ಯಾಸು ಹೊರಗೆ ಹೋಗಲು ಗಾಳಿಕೊಳವೆ ಇರಬೇಕು, ಇಲ್ಲಿ ಇರಲಿಲ್ಲ. ಆ ಗ್ಯಾಸೇ ಕಾಂಕ್ರೀಟನ್ನು ಅಡಿಯಿಂದ ತಿಂದಿತ್ತು. ಅದರ ಮೇಲೆ ಇಟ್ಟಿಗೆಯ ಕಟ್ಟೆಯ ಭಾರ. ಅದರ ಸುತ್ತ ದಿನಾ ಬೆಳಿಗ್ಗೆ ನೀರಿನ ತಂಬಿಗೆ ಹಿಡಿದು ಪ್ರದಕ್ಷಿಣೆ ಹಾಕುವ ಮುದುಕಿ. ಸ್ಲ್ಯಾಬು ಕುಸಿದರೆ ಉಳಿಯುವ ಮಾತೇ ಇಲ್ಲ. ಕಟ್ಟೆ ತೆಗೆಯಲೇಬೇಕಿತ್ತು.

ನಾಗರಾಜು ನನ್ನನ್ನು ಕಾಂಪೌಂಡಿನ ಮೂಲೆಗೆ ಕರೆದರು.

"ಅಕ್ಕ, ಅವ್ವಂಗೆ ಮಾತ್ರ ಹೇಳ್ಬೇಡಿ. ಮಡಿ ಮೈಲಿಗೆ ಜಾಸ್ತಿ ಅವಳಿಗೆ. ಇಷ್ಟು ವರ್ಷ ಇದರ ಮೇಲೆ ದೀಪ ಹಚ್ಚಿದ್ದೀನಿ ಅಂತ ಗೊತ್ತಾದ್ರೆ ಊಟ ಬಿಟ್ಬಿಡ್ತಾಳೆ."

"ಮತ್ತೆ ಕಟ್ಟೆ ಯಾಕೆ ಕೀಳ್ತೀರಿ ಅಂತ ಕೇಳ್ತಾರಲ್ಲ?"

"ನೀವೇ ಏನಾದ್ರೂ ಹೇಳಿ."

ಏನಾದರೂ ಹೇಳುವುದು ನನಗೆ ಗೊತ್ತಿತ್ತು. ಬಚ್ಚಲ ಪೈಪಿನ ದಾರಿ ಬದಲಿಸಬೇಕಾದರೂ, ಇಂಗುಗುಂಡಿ ಬೇರೆ ಕಡೆ ತೋಡಬೇಕಾದರೂ, ಮನೆಯವರು ಒಪ್ಪದಿದ್ದರೆ ನಮ್ಮಂಥವರು, ಗಾರೆ ಕೆಲಸದವರು ಎಲ್ಲ ಹೇಳುವ ಒಂದೇ ಮಾತಿದೆ: ಇಲ್ಲಿ ವಾಸ್ತು ಸರಿಯಿಲ್ಲ. ಅದಕ್ಕೆ ಯಾರೂ ಎದುರು ಆಡುವುದಿಲ್ಲ. ಕೆಲಸ ಸಲೀಸಾಗುತ್ತದೆ. ನಮ್ಮ ಮನೆಯಲ್ಲಿ ವಾಸ್ತು ನೋಡುವವರಿಲ್ಲ. ನಮ್ಮಪ್ಪ ಬೌದ್ಧ ಧರ್ಮಕ್ಕೆ ಸೇರಿದವರು, ನನ್ನ ಮದುವೆಗೆ ಪಂಚಾಂಗವನ್ನೂ ತೆಗೆಸಲಿಲ್ಲ. ಆದರೂ ಎಷ್ಟೋ ಮನೆಯಲ್ಲಿ ನಾನು ಈ ಮಾತನ್ನು ನಾಲಿಗೆ ತಡವರಿಸದೆ ಹೇಳಿದ್ದೆ.

ಚಿಕ್ಕತಾಯಮ್ಮನಿಗೂ ಹೇಳಿದೆ. "ಅಜ್ಜಿ, ಈ ಕಟ್ಟೆ ಇರೋ ಜಾಗ ಸರಿಯಿಲ್ಲ. ಮುಂದುಗಡೆ ಈಶಾನ್ಯಕ್ಕೆ ಹಾಕ್ಸಿಬಿಡಿ. ಹೇಗೂ ನೆಲ ಅಗೀತಿದ್ದೀವಲ್ಲ."

ಅವರು ನನ್ನನ್ನೇ ನೋಡಿದರು. "ಇಲ್ಲಿದ್ರೆ ಏನಾದದು ಮಗ?"

ಅಲ್ಲಿಗೆ ಸುಮ್ಮನಾಗಬಹುದಿತ್ತು. ಗೊತ್ತಿಲ್ಲ ಅಜ್ಜಿ, ಹಾಗಂತಾರೆ ಅನ್ನಬಹುದಿತ್ತು. ಆದರೆ ಮಾತು ಗಟ್ಟಿಯಾಗಲಿ, ಮತ್ತೆ ಎದುರು ಬೀಳದಿರಲಿ ಎಂದುಕೊಂಡು, "ಮನೆ ಯಜಮಾನ್ರಿಗೆ ಒಳ್ಳೇದಲ್ಲ ಅಂತಾರೆ" ಎಂದೆ. ನನ್ನ ತಲೆಯಲ್ಲಿ ಯಜಮಾನರು ಎಂದರೆ ಅಲ್ಲಿ ನಿಂತಿದ್ದ ನಾಗರಾಜು. ಮಗನಿಗೆ ಕೆಡುಕು ಅಂದರೆ ತಾಯಿ ತಕ್ಷಣ ಒಪ್ಪುತ್ತಾಳೆ ಎನ್ನುವ ಲೆಕ್ಕ.

ಒಪ್ಪಿದರು. ಸೆರಗು ಸಿಕ್ಕಿಸಿಕೊಂಡು ತಾವೇ ಗಿಡದ ಸುತ್ತ ಮಣ್ಣು ಬಿಡಿಸಿ, ಬೇರಿನ ಸಮೇತ ಎತ್ತಿ ಪ್ಲಾಸ್ಟಿಕ್ ಬಕೆಟಿಗೆ ಇಟ್ಟರು. ಬಕೆಟನ್ನು ಅಲ್ಲೇ ಬಿಟ್ಟು ಒಳಗೆ ಹೋದವರು ಮತ್ತೆ ಹಿತ್ತಲ ಕಡೆ ಬರಲಿಲ್ಲ. ದಣಿವು ಎಂದುಕೊಂಡೆ.

ಕೆಲಸ ಚೆನ್ನಾಗಿಯೇ ಆಯಿತು. ಕಟ್ಟೆ ಒಡೆದಾಗ ಅದರ ಅಡಿಯಲ್ಲೇ ಹಳೆಯ ಮುಚ್ಚಳ ಸಿಕ್ಕಿತು. ತೆಗೆದು, ಗ್ಯಾಸು ಹೋಗಲು ಬಿಟ್ಟು, ದೂರ ನಿಂತೆವು. ಬೀಡಿ ಹಚ್ಚುವುದಿಲ್ಲ, ಬಗ್ಗಿ ನೋಡುವುದಿಲ್ಲ, ಏನೇ ಬಿದ್ದರೂ ಒಳಗೆ ಇಳಿಯುವುದಿಲ್ಲ. ಕಾನೂನೂ ಇಳಿಸಬಾರದು ಅನ್ನುತ್ತದೆ, ನಮಗೂ ಜೀವದ ಆಸೆಯಿದೆ. ಕೆಸರು ಗಟ್ಟಿಯಾಗಿದ್ದರಿಂದ ನೀರು ಬಿಟ್ಟು ಕಲಕಿ ಎರಡು ಸಲ ಎಳೆಯಬೇಕಾಯಿತು. ಆ ವಾರದಲ್ಲೇ ಗಾರೆಯವರು ಹೊಸ ಸ್ಲ್ಯಾಬು ಹಾಕಿ, ಎತ್ತಲು ಬರುವ ಮುಚ್ಚಳ, ಎತ್ತರದ ಗಾಳಿಕೊಳವೆ ಕೂರಿಸಿದರು. ಮನೆಯ ಮುಂದೆ ಹೊಸ ತುಳಸಿಕಟ್ಟೆಯೂ ಎದ್ದಿತು. ನಾಗರಾಜು ಫೋನಿನಲ್ಲಿ, "ನಿಮ್ಮಿಂದ ಬಹಳ ಉಪಕಾರ ಆಯ್ತಕ್ಕ" ಎಂದರು. ನನಗೂ ಹೆಮ್ಮೆಯೇ ಆಯಿತು.

ತಿಂಗಳ ಮೇಲೆ ಮತ್ತೆ ಅವರ ಫೋನು. ಮತ್ತೆ ಕಟ್ಟಿಕೊಂಡಿತೇನೋ ಎಂದುಕೊಂಡು, "ನೀರು ಇಳೀತಿಲ್ವಾ ಸಾರ್?" ಎಂದೆ.

"ಟ್ಯಾಂಕ್ ಸರಿಯಾಗಿದೆ. ಅವ್ವ ಸರಿಯಾಗಿಲ್ಲ."

ಚಿಕ್ಕತಾಯಮ್ಮ ಒಂದು ಹೊತ್ತು ತುತ್ತು ತಿಂದರೆ ಇನ್ನೊಂದು ಹೊತ್ತು ಇಲ್ಲವಂತೆ. ತುಳಸಿಗೆ ನೀರು ಹಾಕುವುದಿರಲಿ, ಮುಂದಿನ ಬಾಗಿಲಿಗೂ ಬರುವುದಿಲ್ಲ, ಹಿತ್ತಲಿಗೂ ಕಾಲಿಡುವುದಿಲ್ಲವಂತೆ. ಕೇಳಿ ಕೇಳಿ ಸಾಕಾದ ಮೇಲೆ ಸೊಸೆಯ ಹತ್ತಿರ ಬಾಯಿ ಬಿಟ್ಟಿದ್ದಾರೆ. ಈ ಮನೆಗೆ ಬಂದಾಗ ಅವರ ಗಂಡ, ಕಟ್ಟೆಯನ್ನು ಮುಂದೆ ಕಟ್ಟಿಸೋಣ ಎಂದಿದ್ದರು. ಹಿತ್ತಲ ಮಣ್ಣು ತಂಪಾಗಿದೆ, ಗಿಡ ಚೆನ್ನಾಗಿ ಬರುತ್ತದೆ ಎಂದು ಜಗಳವಾಡಿ ಹಿಂದೆ ಕಟ್ಟಿಸಿದ್ದು ಇವರೇ. ವರ್ಷ ತುಂಬುವುದರೊಳಗೆ ಗಂಡ ಹೋದರು. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟು ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡವರು. ಅದೆಲ್ಲ ಗೊತ್ತಿದ್ದೂ ಆಕೆ, "ಅವರನ್ನ ನಾನೇ ತಿನ್ಕೊಂಡೆ" ಅನ್ನುತ್ತಿದ್ದಾರೆ.

ಮನೆ ಯಜಮಾನರಿಗೆ ಒಳ್ಳೇದಲ್ಲ. ನಾನು ಸುಮ್ಮನೆ ಎಸೆದ ಮಾತು ಹೋಗಿ ಕೂತ ಜಾಗ ಅದು.

ಫೋನಿಟ್ಟು ನಮ್ಮ ಯಜಮಾನರಿಗೆ ಹೇಳಿದೆ. ಅವರು ಪೈಪು ತೊಳೆಯುತ್ತಿದ್ದವರು ತಲೆಯೆತ್ತಲಿಲ್ಲ. "ನಿಮ್ಮಪ್ಪ ಜಾತಕನೇ ಬ್ಯಾಡ ಅಂದ. ಮಗಳು ಊರೋರಿಗೆಲ್ಲ ವಾಸ್ತು ಯೋಳ್ತಾವ್ಳೆ," ಎಂದರು. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿ, "ಓಗಿ ಇದ್ದದ್ ಇದ್ದಂಗೆ ಯೋಳ್ಬುಟ್ಟು ಬಾ. ಬೈದ್ರೆ ಬೈಸ್ಕೊ," ಎಂದರು.

ಭಾನುವಾರ ಬಸ್ಸಿನಲ್ಲಿ ಹೋದೆ. ಚಿಕ್ಕತಾಯಮ್ಮ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದರು. ಕೆನ್ನೆ ಒಳಗೆ ಹೋಗಿತ್ತು. ನಾನು ಕೂತು ಒಂದೇ ಉಸಿರಿಗೆ ಹೇಳಿದೆ: ವಾಸ್ತು ಗೀಸ್ತು ಏನೂ ಇಲ್ಲ, ನಾನು ಸುಳ್ಳು ಹೇಳಿದೆ, ಆ ಕಟ್ಟೆ ಇದ್ದದ್ದು ಕಕ್ಕಸು ಗುಂಡಿಯ ಮೇಲೆ, ಕುಸಿಯುತ್ತಿತ್ತು, ಅದಕ್ಕೇ ತೆಗೆಸಿದ್ದು.

ಅವರು ನಂಬಲಿಲ್ಲ. ಇದನ್ನು ನಾನು ಎಣಿಸಿಯೇ ಇರಲಿಲ್ಲ.

"ನಾಗ್ರಾಜ ಯೋಳ್ಕೊಟ್ನಾ? ಮುದ್ಕಿ ಉಣ್ತಾ ಇಲ್ಲ, ಏನಾರ ಒಂದ್ ಕತೆ ಕಟ್ಟಿ ಯೋಳು ಅಂತವ? ಬುಡು ಮಗ. ಅವತ್ ಯೋಳಿದ್ದೇ ನಿಜ. ನಿನ್ ಮುಖದಲ್ಲೇ ಇತ್ತು."

ಅವತ್ತು ನನ್ನ ಮುಖದಲ್ಲಿ ಅಷ್ಟು ಚೆನ್ನಾಗಿ ಸುಳ್ಳು ಕೂತಿತ್ತು. ಬೇರೆ ದಾರಿ ಕಾಣದೆ ಅವರ ಕೈ ಹಿಡಿದು ಹಿತ್ತಲಿಗೆ ನಡೆಸಿಕೊಂಡು ಬಂದೆ. ಅವರನ್ನು ಎರಡು ಮಾರು ದೂರ ನಿಲ್ಲಿಸಿ ಹೊಸ ಮುಚ್ಚಳವನ್ನು ನಾಗರಾಜು ತಂದುಕೊಟ್ಟ ಹಾರೆಯಿಂದ ಸರಿಸಿದೆ. ನಾತ ಎದ್ದಿತು. ನಾಗರಾಜು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಗೋಡೆಯ ಬದಿಯಲ್ಲಿ ಹಳೆಯ ಸ್ಲ್ಯಾಬಿನ ಚೂರುಗಳು ಇನ್ನೂ ಬಿದ್ದಿದ್ದವು. ಒಂದನ್ನು ಎತ್ತಿ ತಂದು ತೋರಿಸಿದೆ. ಒಂದು ಮುಖದಲ್ಲಿ ಕಟ್ಟೆಯ ಕೆಂಪು ಗಾರೆ ಕಚ್ಚಿಕೊಂಡಿತ್ತು. ತಿರುಗಿಸಿದರೆ ಇನ್ನೊಂದು ಮುಖ ಗುಂಡಿಯ ಕಪ್ಪು.

ಚಿಕ್ಕತಾಯಮ್ಮ ಮೂಗು ಮುಚ್ಚಲಿಲ್ಲ. ಚೂರನ್ನು ಕೈಗೆ ತೆಗೆದುಕೊಂಡು ಕೆಂಪು ಮುಖವನ್ನು ಬೆರಳಿಂದ ಸವರಿದರು, ತಿರುಗಿಸಿದರು, ಮತ್ತೆ ತಿರುಗಿಸಿದರು.

"ಇದರ ಮೇಲಾ ನಾನು ದೀಪ ಅಚ್ತಿದ್ದದ್ದು?"

"ಹೂಂ ಅಜ್ಜಿ."

"ಅಂಗಾರೆ ಅವ್ರು ಓಗಿದ್ದು?"

"ಸಕ್ಕರೆ ಕಾಯಿಲೆಯಿಂದ ಅಜ್ಜಿ. ಕಟ್ಟೆಗೂ ಅದಕ್ಕೂ ಏನೂ ಇಲ್ಲ."

ಅವರು ಚೂರನ್ನು ಮೆಲ್ಲಗೆ ನೆಲಕ್ಕಿಟ್ಟರು. ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ಮಗನ ಕಡೆ ತಿರುಗಿ, "ನಿನ್ ಕುಂಡೆ ನಾನೇ ತೊಳ್ದು ದೊಡ್ಡೋನ್ ಮಾಡಿವ್ನಿ ಕಣ್ಲಾ. ನಂಗೆ ಏಲು ಕಂಡ್ರೆ ಜೀವ ಓಯ್ತದೆ ಅಂದ್ಕೊಂಡಿದ್ಯಾ?" ಎಂದರು. ನಾಗರಾಜು ತಲೆ ತಗ್ಗಿಸಿದರು.

ಆಮೇಲೆ ನನ್ನ ಸರದಿ. ದನಿ ಏರಿಸಲಿಲ್ಲ.

"ಅವತ್ತೇ ಯೋಳಿದ್ರೆ ತಲೆಗೆ ನಾಕ್ ಚೊಂಬು ನೀರು ಉಯ್ಕೊಂಡು, ಗಿಡ ಬ್ಯಾರೆ ಕಡೆ ನೆಟ್ಕೊಂಡು ಸುಮ್ಕಾಯ್ತಿದ್ದೆ. ನಂಗೆ ಏಸಿಗೆ ಆಗ್ಬಾರ್ದು ಅಂತ, ಗಂಡನ್ ಕೊಂದೋಳು ಅನ್ನಿಸ್ಬುಟ್ಯಲ್ಲ ಮಗ ನೀನು. ಇದುಕ್ಕಿಂತ ಅದು ಚೊಕ್ಕಟ ಅನ್ನುಸ್ತಾ ನಿಂಗೆ?"

ತಪ್ಪಾಯ್ತು ಅಜ್ಜಿ ಎಂದೆ. ಕಾಲು ಮುಟ್ಟಲು ಬಗ್ಗಿದೆ, ಹಿಂದೆ ಸರಿದರು.

"ಮುಚ್ಚಳ ಮುಚ್ಬುಟ್ಟು ಓಗು. ಇವತ್ ಆಗಕಿಲ್ಲ ನಂಗೆ ನಿನ್ ಮುಖ ನೋಡಕೆ."

ಮುಚ್ಚಳ ಮುಚ್ಚಿ ಬಂದೆ. ಬಸ್ಸು ನಂಜನಗೂಡು ಮುಟ್ಟುವ ಮೊದಲೇ ನಾಗರಾಜು ಫೋನ್ ಮಾಡಿ, ಅವ್ವ ಸ್ನಾನ ಮಾಡಿ ಊಟಕ್ಕೆ ಕೂತಳು ಎಂದರು. ಸಮಾಧಾನವಾಯಿತು. ಆದರೆ ನನ್ನ ಮೇಲಿನ ಭಾರ ಇಳಿಯಲಿಲ್ಲ. ಒಂದು ತಿಂಗಳು ಆ ಮುದುಕಿ ಒಬ್ಬರೇ ಹೊತ್ತದ್ದನ್ನು ಯಾವ ಊಟವೂ ಅಳಿಸುವುದಿಲ್ಲ.

ಅಂದಿನಿಂದ ನಮ್ಮ ಗಾಡಿ ಹೋದ ಮನೆಯಲ್ಲಿ ವಾಸ್ತು ಎನ್ನುವ ಮಾತು ನನ್ನ ಬಾಯಿಂದ ಬಂದಿಲ್ಲ. ಟ್ಯಾಂಕ್ ಎಲ್ಲಿದೆ, ಯಾವುದರ ಕೆಳಗಿದೆ ಎನ್ನುವುದನ್ನು ಮನೆಯ ಹಿರಿಯರನ್ನು ಕರೆದು ನಿಲ್ಲಿಸಿಯೇ ಹೇಳುತ್ತೇನೆ. ಮೊನ್ನೆ ಬಿಳಿಗೆರೆಯಲ್ಲಿ ಒಂದು ಮನೆಯ ದೇವರ ಕೋಣೆಯ ಗೋಡೆ ಟ್ಯಾಂಕಿನ ಮೇಲೆಯೇ ಎದ್ದಿತ್ತು. ಗೋಡೆ ಯಾಕೆ ಕೆಡವಬೇಕು ಎಂದು ಅಲ್ಲಿನ ತಾತ ಕೇಳಿದರು. "ಕೆಳಗೆ ಕಕ್ಕಸು ಗುಂಡಿ ಇದೆ ತಾತ, ಸ್ಲ್ಯಾಬು ಹೋಗಿದೆ," ಎಂದೆ. ಅವರು ಥೂ ಎಂದು ಒಂದು ಸಲ ಉಗಿದರು. ಗೋಡೆ ಕಟ್ಟಿದ ಮೇಸ್ತ್ರಿಯ ವಂಶವನ್ನೆಲ್ಲ ಬೈದರು. ಆಮೇಲೆ ದೇವರ ಪಟಗಳನ್ನು ಒಂದೊಂದಾಗಿ ಇಳಿಸಿ ಸೊಸೆಯ ಕೈಗೆ ಕೊಟ್ಟು, ಊಟಕ್ಕೆ ಏನು ಮಾಡಿದ್ದೀಯ ಎಂದು ಕೇಳಿದರು.

ಇಷ್ಟೇ ಆಗಿತ್ತು. ನಿಜ ಹೇಳುವುದು ಇಷ್ಟು ಸಲೀಸಾಗಿತ್ತು ಎನ್ನುವುದೇ ನನ್ನನ್ನು ಈಗಲೂ ಚುಚ್ಚುವುದು.